ರೀಸೆಟ್ ತೂತು ಎಲ್ಲಿಗೆ ಹೋಯಿತು?

ಈಗಿನ ಫೋನ್ ಹ್ಯಾಂಗ್ ಆದರೆ ಪವರ್ ಗುಂಡಿಯನ್ನು ಒತ್ತಿ ಹಿಡಿಯುತ್ತೇವೆ, ಅದು ಮತ್ತೆ ಶುರುವಾಗುತ್ತದೆ, ಒಳಗಿನ ಫೋಟೊ, ನಂಬರ್‌ಗಳು ಹಾಗೇ ಇರುತ್ತವೆ. ಇಪ್ಪತ್ತೈದು ವರ್ಷದ ಹಿಂದೆ ಅಂಗೈ ಕಂಪ್ಯೂಟರ್ ಇಟ್ಟುಕೊಂಡವರಿಗೆ ಈ ನಿಶ್ಚಿಂತೆ ಇರಲಿಲ್ಲ. ಆಗ ಮಾಹಿತಿಯೆಲ್ಲ ಕೂತಿದ್ದದ್ದು, ಕರೆಂಟ್ ಹೋದರೆ ಎಲ್ಲ ಅಳಿಸಿಹೋಗುವ ಮೆಮೊರಿಯಾದ ರ‍್ಯಾಮ್‌ನಲ್ಲಿ.

1996ರಲ್ಲಿ ಬಂದ ಪಾಮ್‌ನ ಅಂಗೈ ಕಂಪ್ಯೂಟರ್ ಪೈಲಟ್ 1000ರಲ್ಲಿ ಮೋಟೊರೊಲಾದ 16 ಮೆಗಾಹರ್ಟ್ಸ್ ಡ್ರ್ಯಾಗನ್‌ಬಾಲ್ ಚಿಪ್, 128 ಕೆಬಿ ರ‍್ಯಾಮ್, ಎರಡು ಎಎಎ ಸೆಲ್. ಆಪರೇಟಿಂಗ್ ಸಿಸ್ಟಂ (ಪಾಮ್ ಓಎಸ್) ರ‍್ಯಾಮ್ ಚಿಪ್‌ನಲ್ಲಿ ಅಲ್ಲ, ಕರೆಂಟ್ ಇಲ್ಲದಿದ್ದರೂ ಅಳಿಯದ ರೋಮ್‌ನಲ್ಲಿ. ಪವರ್ ಗುಂಡಿ ಒತ್ತಿದರೆ ಯಂತ್ರ ಆಫ್ ಆಗುತ್ತಿರಲಿಲ್ಲ, ನಿದ್ದೆಗೆ ಜಾರುತ್ತಿತ್ತು ಅಷ್ಟೆ. ಹಾಗಾಗಿಯೇ ಮುಟ್ಟಿದ ಕೂಡಲೇ ಪರದೆ ಬರುತ್ತಿತ್ತು. ನಿಜವಾಗಿ ಬೂಟ್ ಆಗುತ್ತಿದ್ದದ್ದು, ಅಂದರೆ ಮೊದಲಿನಿಂದ ಶುರುವಾಗುತ್ತಿದ್ದದ್ದು, ರೀಸೆಟ್ ಮಾಡಿದಾಗ ಮಾತ್ರ.

ಯಂತ್ರದ ಬೆನ್ನಿನ ಸಣ್ಣ ತೂತಿಗೆ ಬಿಡಿಸಿದ ಪೇಪರ್ ಕ್ಲಿಪ್ ತೂರಿಸಿದರೆ ಸಾಫ್ಟ್ ರೀಸೆಟ್. (ಪಾಮ್ 3ರ ಹೊತ್ತಿಗೆ, ಪರದೆ ಮೇಲೆ ಬರೆಯುವ ಸ್ಟೈಲಸ್‌ನ ತಲೆ ತಿರುಗಿಸಿ ಬಿಚ್ಚಿದರೆ ಒಳಗೇ ಒಂದು ಕಡ್ಡಿ ಸಿಗುತ್ತಿತ್ತು.) ಆಗ ಪ್ರೊಸೆಸರ್ ಮೆಮೊರಿಯ ಸೊನ್ನೆ ನಂಬರಿನ ಜಾಗದಿಂದ ಮೊದಲ ಎಂಟು ಬೈಟ್ ಓದುತ್ತದೆ: ನಾಲ್ಕು, ಸ್ಟ್ಯಾಕ್ (ಪ್ರೊಸೆಸರ್‌ನ ತಾತ್ಕಾಲಿಕ ಟಿಪ್ಪಣಿಯ ಜಾಗ) ಎಲ್ಲಿದೆ ಎಂಬುದಕ್ಕೆ, ಇನ್ನು ನಾಲ್ಕು, ಮೊದಲ ಆದೇಶ ಎಲ್ಲಿದೆ ಎಂಬುದಕ್ಕೆ. ಆಮೇಲೆ ಪಾಮ್ ಓಎಸ್ ರ‍್ಯಾಮ್‌ನಲ್ಲಿ ಕೆಲಸಕ್ಕೆಂದು ಬಳಸುವ ಭಾಗವನ್ನಷ್ಟೇ ಅಳಿಸಿ, ವಿಳಾಸ, ಟಿಪ್ಪಣಿಗಳಿರುವ ಭಾಗವನ್ನು ಮುಟ್ಟದೆ ಬಿಡುತ್ತದೆ. ಕೊನೆಗೆ ಪ್ರತಿ ಅಪ್ಲಿಕೇಶನ್‌ಗೂ ‘ರೀಸೆಟ್ ಆಗಿದೆ’ ಎಂಬ ಸಂದೇಶ ಹೋಗುತ್ತದೆ.

ಎಡವಟ್ಟು ಆಗುತ್ತಿದ್ದದ್ದು ಇಲ್ಲೇ. ಕೆಟ್ಟ ಅಪ್ಲಿಕೇಶನ್ ಒಂದು ಈ ಸಂದೇಶ ಬಂದಾಗಲೇ ಕುಸಿದರೆ ಮತ್ತೆ ರೀಸೆಟ್, ಮತ್ತೆ ಕುಸಿತ. ಅದಕ್ಕೆ ವಾರ್ಮ್ ರೀಸೆಟ್ ಇತ್ತು: ಮೇಲಕ್ಕೆ ಸ್ಕ್ರೋಲ್ ಮಾಡುವ ಗುಂಡಿ ಹಿಡಿದು ತೂತು ಒತ್ತಿದರೆ ಸಂದೇಶ ಹೋಗುವುದಿಲ್ಲ, ಆಗ ತಪ್ಪಿತಸ್ಥನನ್ನು ಅಳಿಸಿ ಇನ್ನೊಮ್ಮೆ ಸಾಫ್ಟ್ ರೀಸೆಟ್. ಪವರ್ ಗುಂಡಿ ಹಿಡಿದು ತೂತು ಒತ್ತಿ ಬಿಟ್ಟು, ಲೋಗೊ ಕಂಡಾಗ ಪವರ್ ಬಿಟ್ಟರೆ ಹಾರ್ಡ್ ರೀಸೆಟ್‌ನ ಎಚ್ಚರಿಕೆ. ಆಗ ಅದೇ ಮೇಲಕ್ಕೆ ಸ್ಕ್ರೋಲ್ ಮಾಡುವ ಗುಂಡಿ ಒತ್ತಿದರೆ ಎಲ್ಲ ಖಾಲಿ, ಬೇರೆ ಯಾವುದು ಒತ್ತಿದರೂ ಬಚಾವ್.

ಸೆಲ್ ಬದಲಿಸುವುದೂ ಒಂದು ಪರೀಕ್ಷೆಯೇ. ಸೆಲ್ ತೆಗೆದ ಮೇಲೆ, ಸ್ವಲ್ಪ ಹೊತ್ತು ವಿದ್ಯುತ್ ಹಿಡಿದಿಡುವ ಕೆಪಾಸಿಟರ್ ಸುಮಾರು ಒಂದು ನಿಮಿಷ ರ‍್ಯಾಮ್ ಕಾಯುತ್ತಿತ್ತು. ಆದರೆ ಅದು ಚಾರ್ಜ್ ಆಗುವುದು ಅದೇ ಸೆಲ್‌ಗಳಿಂದ. ಅವು ಪೂರ್ತಿ ಸತ್ತಿದ್ದರೆ ಆ ನಿಮಿಷವೂ ಇಲ್ಲ. ಮೊದಲು ಮಾಹಿತಿಯನ್ನು ಕಂಪ್ಯೂಟರ್‌ಗೆ ನಕಲಿಸುವ ಹಾಟ್‌ಸಿಂಕ್, ಆಮೇಲೆ ಸೆಲ್ ಎಂಬುದು ಬಳಸುವವರ ರೂಢಿ. 2000ದಲ್ಲಿ ಬಂದ ಕಾಂಪ್ಯಾಕ್ ಕಂಪನಿಯ ಅಂಗೈ ಕಂಪ್ಯೂಟರ್ ಐಪ್ಯಾಕ್‌ನಲ್ಲಿ 32 ಎಂಬಿ ರ‍್ಯಾಮ್ ಇದ್ದರೂ ಕಷ್ಟ ಅದೇ. ಬ್ಯಾಟರಿ ಒಳಗೇ ಕೂತಿದ್ದರಿಂದ, ಚಾರ್ಜ್ ಮಾಡಲು ಮರೆತರೆ ಎಲ್ಲ ಹೋಯಿತು.

ಬೆಂಗಳೂರಿನ ಅಂಗೈ ಕಂಪ್ಯೂಟರ್ ಸಿಂಪ್ಯೂಟರ್ ಬೇರೆ ದಾರಿ ಹಿಡಿದಿತ್ತು. ಐಐಎಸ್‌ಸಿ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನವರು 2001ರಲ್ಲಿ ಮಾದರಿ ತೋರಿಸಿದರು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿದಾ ಎಂಬ ಸಿಂಪ್ಯೂಟರ್ ಬಂತು. ಚಿಪ್ ಐಪ್ಯಾಕ್‌ನ ಬಳಗದ ಸ್ಟ್ರಾಂಗ್‌ಆರ್ಮ್, ಆದರೆ ನಡೆಸುತ್ತಿದ್ದದ್ದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ, ಶಾಶ್ವತ ಸಂಗ್ರಹಕ್ಕೆ, ಕರೆಂಟ್ ಹೋದರೂ ಅಳಿಯದ ಫ್ಲ್ಯಾಶ್ ಮೆಮೊರಿ. ಬೂಟ್‌ಲೋಡರ್ ಎಂಬ ಮೊದಲ ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅನ್ನು ರ‍್ಯಾಮ್‌ಗೆ ತರುವುದು, ಫೈಲ್ ಸಿಸ್ಟಂ ಮೌಂಟ್ ಆಗುವುದು (ಫೈಲ್‌ಗಳು ಓದಲು ಸಿದ್ಧವಾಗುವುದು), ಆಮೇಲೆ ಪರದೆ. ಈಗಿನ ಫೋನ್ ನಡೆಯುವುದೂ ಈ ಜಾಡಿನಲ್ಲೇ.

ದೊಡ್ಡ ಕಂಪನಿಗಳು 2004–05ರಲ್ಲಿ ಫ್ಲ್ಯಾಶ್‌ನತ್ತ ತಿರುಗಿದವು: ಪಾಮ್ ಓಎಸ್‌ನ ಫೋನ್ ಟ್ರಿಯೊ 650, ನಂತರ ಮೈಕ್ರೊಸಾಫ್ಟ್‌ನ ವಿಂಡೋಸ್ ಮೊಬೈಲ್ 5. ಟ್ರಿಯೊದಲ್ಲಿ ಪುಟ್ಟ ದಾಖಲೆಯೂ 512 ಬೈಟ್‌ನ ಇಡೀ ಬ್ಲಾಕ್ ನುಂಗುತ್ತಿತ್ತು. ಹಳೆಯ ಯಂತ್ರದಲ್ಲಿ ಹಿಡಿಸಿದ್ದು ಹೊಸದರಲ್ಲಿ ಹಿಡಿಸಲಿಲ್ಲ ಎಂದು ಗ್ರಾಹಕರು ಸಿಟ್ಟಾದದ್ದು ನ್ಯಾಯವೇ.

ಈಗ ಪವರ್ ಗುಂಡಿಯ ದೀರ್ಘ ಒತ್ತನ್ನು ಗಮನಿಸುವುದು ವಿದ್ಯುತ್ ನಿರ್ವಹಿಸುವ ಚಿಪ್. ಪ್ರೊಸೆಸರ್ ಪೂರ್ತಿ ಸಿಕ್ಕಿಕೊಂಡಿದ್ದರೂ ಅದು ಕರೆಂಟ್ ಕಡಿದು ಮತ್ತೆ ಕೊಡಬಲ್ಲದು. ಆಮೇಲೆ ಚಿಪ್‌ನೊಳಗಿನ ಬೂಟ್ ರೋಮ್ ಬೂಟ್‌ಲೋಡರ್‌ನ ಡಿಜಿಟಲ್ ಸಹಿ (ಅಸಲಿ ಎಂಬುದರ ಗುರುತು) ಪರೀಕ್ಷಿಸುತ್ತದೆ, ಬೂಟ್‌ಲೋಡರ್ ಕರ್ನಲ್‌ನದ್ದು. ವಾರ್ಮ್ ರೀಸೆಟ್‌ನ ವಾರಸುದಾರ ಆಂಡ್ರಾಯ್ಡ್‌ನ ಸೇಫ್ ಮೋಡ್: ನಾವು ಹಾಕಿದ ಆ್ಯಪ್‌ಗಳು ಏಳುವುದಿಲ್ಲ, ಕೆಟ್ಟದ್ದನ್ನು ತೆಗೆದುಹಾಕಬಹುದು. ಫ್ಲ್ಯಾಶ್‌ನಲ್ಲಿ ಕೆಟ್ಟ ಫೈಲ್ ಕೂಡ ಉಳಿದೇ ಇರುವುದರಿಂದ, ಬರೀ ರೀಸ್ಟಾರ್ಟ್ ಮಾಡಿದರೆ ವಾಸಿಯಾಗದ ಕಾಯಿಲೆಗಳೂ ಈಗ ಇವೆ.

ಹಾರ್ಡ್ ರೀಸೆಟ್‌ನ ಜಾಗದಲ್ಲಿ ಫ್ಯಾಕ್ಟರಿ ರೀಸೆಟ್ ಇದೆ. 2015ರ ಆಂಡ್ರಾಯ್ಡ್ 5.1ರಿಂದ ಅದಕ್ಕೊಂದು ಬೀಗವೂ ಸೇರಿತು: ಗುಂಡಿಗಳನ್ನು ಒತ್ತಿ ತೆರೆಯುವ ರಿಕವರಿ ಮೆನುವಿನಿಂದ ಅಳಿಸಿದರೆ, ಮರಳಿ ಶುರುವಾದಾಗ ಹಳೆಯ ಗೂಗಲ್ ಖಾತೆ ಕೇಳುತ್ತದೆ. ಫೋನ್ ಮಾರುವವರು ಮೊದಲು ಸೆಟ್ಟಿಂಗ್ಸ್‌ನಲ್ಲಿ ಖಾತೆ ತೆಗೆದು, ಅಲ್ಲಿಂದಲೇ ರೀಸೆಟ್ ಕೊಡಬೇಕು. ಇಲ್ಲದಿದ್ದರೆ ಕೊಂಡವರು ಮೊದಲ ಪರದೆ ದಾಟಲಾರರು.