ಕೋಲು ಬಿದ್ದಲ್ಲೇ ಸದ್ದು: ಸರಳ ರಾಕ್ ವಿಡಿಯೊಗಳ ಸೆಳೆತ

ರಾಕ್ ವಿಡಿಯೊಗೆ ಕಥೆ ಇಲ್ಲದಿದ್ದರೂ ನಡೆಯುತ್ತದೆ. ಸ್ನೇರ್ ಡ್ರಮ್ಮಿನ ಮೇಲೆ ಕೋಲು ಬಿದ್ದ ಕ್ಷಣವೇ ಸದ್ದು ಕೇಳಬೇಕು, ಅಷ್ಟೇ. ಸದ್ದು ಯಾರ ಕೈಯಿಂದ ಹುಟ್ಟುತ್ತಿದೆ ಎಂದು ಕಣ್ಣಾರೆ ಕಂಡಾಗ ಸಿಗುವ ಖುಷಿಯೇ ಬೇರೆ.

ಹೀಗೆ ತಂಡ ನುಡಿಸುವುದನ್ನೇ ಚಿತ್ರಿಸುವುದು ಶುರುವಾದದ್ದು ಅನುಕೂಲಕ್ಕೆ. 1966ರ ಮೇ 20ರಂದು ಬೀಟಲ್ಸ್ ಲಂಡನ್ನಿನ ಚಿಸ್ವಿಕ್ ಹೌಸ್ ತೋಟದಲ್ಲಿ ಎರಡು ಹಾಡು ಚಿತ್ರಿಸಿದ್ದು ಟಿವಿ ಸ್ಟುಡಿಯೊಗಳನ್ನು ಸುತ್ತುವ ಶ್ರಮ ತಪ್ಪಲೆಂದು. 1969ರ ಜನವರಿ 30ರಂದು ಅದೇ ತಂಡ ಸ್ಯಾವಿಲ್ ರೋದಲ್ಲಿದ್ದ ತನ್ನ ಕಚೇರಿಯ ತಾರಸಿ ಹತ್ತಿ ಸುಮಾರು 42 ನಿಮಿಷ ನೇರವಾಗಿ ನುಡಿಸಿತು. ಕೊರೆಯುವ ಚಳಿ, ಮೇಲೆ ಗಾಳಿ. ಮೈಕಿಗೆ ಗಾಳಿ ಬಡಿದರೆ ಅದರ ಗುಡುಗುಡು ಹಾಡನ್ನೇ ನುಂಗುತ್ತದೆ. ಹೆಂಗಸರ ನೈಲಾನ್ ಕಾಲುಚೀಲ ತರಿಸಿ ಮೈಕುಗಳಿಗೆ ತೊಡಿಸಿದರು. ತಂಡದ ಗಾಯಕ ಜಾನ್ ಲೆನನ್ನನ ತುಪ್ಪುಳದ ಕೋಟು, ಹಾರಾಡುವ ಕೂದಲು ಇವನ್ನು ಯಾವ ಸೆಟ್ಟೂ ಕೊಡಲಾರದು.

1975ರ ನವೆಂಬರಿನಲ್ಲಿ ಕ್ವೀನ್ ತಂಡ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ 'ಬೊಹೀಮಿಯನ್ ರಾಪ್ಸೊಡಿ'ಯನ್ನು ಸುಮಾರು 4 ಗಂಟೆಯಲ್ಲಿ ಮುಗಿಸಿತು. ನಡುವೆ ಮುಖಗಳು ಹಲವಾಗುವ ಚಮತ್ಕಾರವಿದೆ ನಿಜ, ಆದರೆ ಮೈ ಝುಮ್ಮೆನಿಸುವುದು ಅವರು ವೇದಿಕೆಯಲ್ಲಿ ನಿಂತು ಬಾರಿಸುವ ಭಾಗ. ಮೂರು ತಿಂಗಳ ಬಳಿಕ, 1976ರ ಫೆಬ್ರವರಿ 23ರಂದು, ಎಸಿ/ಡಿಸಿ ತಂಡ ವಿಡಿಯೊಗಾಗಿ ಮೆಲ್ಬರ್ನಿನ ಸ್ವಾನ್ಸ್ಟನ್ ಬೀದಿಯಲ್ಲಿ ತೆರೆದ ಲಾರಿಯ ಮೇಲೆ ಬ್ಯಾಗ್‌ಪೈಪ್ ಊದುವವರನ್ನೂ ಹತ್ತಿಸಿಕೊಂಡು ಸಾಗಿತು.

ಬೀದಿಯಲ್ಲಾಗಲಿ ಸ್ಟುಡಿಯೊದಲ್ಲಾಗಲಿ, ಮೊದಲೇ ಧ್ವನಿಮುದ್ರಿಸಿದ ಹಾಡನ್ನು ಸ್ಪೀಕರಿನಲ್ಲಿ ಹಾಕಿ ಅದರ ಜೊತೆ ನುಡಿಸುವುದೇ ಹೆಚ್ಚು. ಎಡವಟ್ಟು ಅಲ್ಲೇ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಸ್ಪೀಕರ್ 17 ಮೀಟರ್ ದೂರವಿದ್ದರೆ ಡ್ರಮ್ಮರಿಗೆ ಹಾಡು 50 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಸೆಕೆಂಡಿಗೆ 25 ಫ್ರೇಮಿನ (ಬಿಡಿ ಚಿತ್ರದ) ವಿಡಿಯೊದಲ್ಲಿ ಅದು ಒಂದು ಫ್ರೇಮಿಗಿಂತ ಹೆಚ್ಚು. ಹಾಗಾಗಿ ಸ್ಪೀಕರ್ ಡ್ರಮ್ಮರಿನ ಬೆನ್ನ ಹಿಂದೆಯೇ ಇರಲಿ. ಹಾಡಿನ ಮುಂದೆ ತಾಳ ಎಣಿಸುವ ನಾಲ್ಕು ಟಿಕ್ ಸೇರಿಸದಿದ್ದರೆ ಮೊದಲ ಏಟೇ ತಪ್ಪುತ್ತದೆ. 24 ಫ್ರೇಮಿನಲ್ಲಿ ಹಿಡಿದದ್ದನ್ನು 25ರಲ್ಲಿ ಓಡಿಸಿದರೆ 4 ನಿಮಿಷದ ಹಾಡಿಗೆ ಚಿತ್ರ ಸುಮಾರು 10 ಸೆಕೆಂಡ್ ಮೊದಲೇ ಮುಗಿದುಹೋಗುತ್ತದೆ. ನಿಧಾನ ಚಲನೆ ಬೇಕೆಂದರೆ ಹಾಡನ್ನು ಇಮ್ಮಡಿ ವೇಗದಲ್ಲಿ ಹಾಕಿ 50 ಫ್ರೇಮಿನಲ್ಲಿ ಹಿಡಿಯಿರಿ. 25ಕ್ಕೆ ಇಳಿಸಿದಾಗ ತುಟಿ ಹಾಡಿಗೆ ಕೂಡುತ್ತದೆ, ಕೂದಲು ಮಾತ್ರ ತೇಲುತ್ತದೆ.

ಎಲ್ಲಕ್ಕಿಂತ ಬೇಗ ಸಿಕ್ಕಿಬೀಳುವುದು ಸಿಂಬಲ್, ಅಂದರೆ ಡ್ರಮ್ ಸೆಟ್ಟಿನ ಲೋಹದ ತಟ್ಟೆ. ಹಾಡು ಕೇಳಿಸಲೆಂದು ಡ್ರಮ್ಮರ್ ಮೆಲ್ಲಗೆ ತಟ್ಟಿದರೆ ತಟ್ಟೆ ಓಲಾಡುವುದೇ ಇಲ್ಲ. ಕಿವಿಗೆ ಸಿಡಿಲು, ಕಣ್ಣಿಗೆ ಬರೀ ಸವರಿದಂತೆ. ಹೊಡೆತ ಪೂರ್ತಿ ಇರಬೇಕು, ಬೇಕಾದರೆ ಸ್ಪೀಕರಿನ ದನಿ ಏರಿಸಿಕೊಳ್ಳಬೇಕು.

1981ರ ಆಗಸ್ಟ್ 1ರಂದು ಹಾಡಿನ ವಿಡಿಯೊಗಳ ಟಿವಿ ವಾಹಿನಿ ಎಂಟಿವಿ ಬಂತು. ದೊಡ್ಡ ಸೆಟ್ಟು, ಕಥೆ, ಖರ್ಚು ಎಲ್ಲ ಬೆಳೆದವು. ಆದರೂ 2001ರಲ್ಲಿ ದಿ ಸ್ಟ್ರೋಕ್ಸ್ ತಂಡ ಮೊದಲೇ ಮುದ್ರಿಸಿದ ಹಾಡಿಗೆ ತುಟಿಯಾಡಿಸಲು ಒಪ್ಪದೆ, ರೋಮನ್ ಕೊಪೊಲಾ ನಿರ್ದೇಶನದಲ್ಲಿ 'ಲಾಸ್ಟ್ ನೈಟ್' ಹಾಡನ್ನು ಹಳೆಯ ಟಿವಿ ವೇದಿಕೆಯಂಥ ಸೆಟ್ಟಿನಲ್ಲಿ ನೇರವಾಗಿ ನುಡಿಸಿತು. ಮೈಕ್ ಸ್ಟ್ಯಾಂಡ್ ಉರುಳಿ ಡ್ರಮ್ ಮೈಕುಗಳಿಗೆ ಬಡಿಯಿತು. ಆ ದೃಶ್ಯವನ್ನು ಅವರು ಕತ್ತರಿಸಲಿಲ್ಲ.