‘ಮತ್ತೆ ಲಾಕ್‌ಡೌನ್ ಆಗುತ್ತಾ, ಮೇಡಂ?’

2025ರ ಜನವರಿ 6ರಂದು ಭಾರತದಲ್ಲಿ ಇಬ್ಬರು ಶಿಶುಗಳಿಗೆ ಎಚ್‌ಎಂಪಿವಿ (ನೆಗಡಿ, ಕೆಮ್ಮಿನಂಥ ಉಸಿರಾಟದ ಕಾಯಿಲೆ ತರುವ ವೈರಸ್) ಸೋಂಕು ತಗುಲಿದ ಸುದ್ದಿ ಬಂತು. ಅಂದು ಪೇಟೆ ಮುಗಿಯುವ ಹೊತ್ತಿಗೆ ಸೆನ್ಸೆಕ್ಸ್ 1,200ಕ್ಕೂ ಹೆಚ್ಚು ಅಂಶ ಕುಸಿದಿತ್ತು. ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಜನರ ಬಾಯಲ್ಲಿ ಇದ್ದದ್ದು ವೈರಸ್ ಒಂದೇ. ಸಾಂಕ್ರಾಮಿಕ ರೋಗಗಳ ಕಣ್ಗಾವಲಿನ ಕೆಲಸದಲ್ಲಿರುವ ನನಗೆ ಆ ದಿನ ಬಂದ ಕರೆಗಳಲ್ಲಿ ‘ಈ ಕಾಯಿಲೆ ಏನು ಮಾಡುತ್ತೆ’ ಎಂದು ಕೇಳಿದವರು ಕೆಲವರು ಮಾತ್ರ. ಉಳಿದವರದು ಒಂದೇ ಪ್ರಶ್ನೆ: ‘ಮತ್ತೆ ಲಾಕ್‌ಡೌನ್ ಆಗುತ್ತಾ, ಮೇಡಂ? ಶಾಲೆ ಮುಚ್ತಾರಾ?’

ಆ ವೈರಸ್ ಹೊಸದೇನೂ ಅಲ್ಲ. ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಅದನ್ನು 2001ರಲ್ಲಿ ಗುರುತಿಸಿದರು. ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ, ಅದಕ್ಕೂ ದಶಕಗಳ ಹಿಂದಿನಿಂದಲೇ ಅದು ಮನುಷ್ಯರ ನಡುವೆ ಹರಡುತ್ತಿತ್ತು ಎಂದು ತಿಳಿಯಿತು. ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ಬಂದು ಹೋಗುವ ಸೋಂಕು ಅದು. ಇಷ್ಟು ಹೇಳಿದರೂ ಪ್ರಶ್ನೆ ನಿಲ್ಲಲಿಲ್ಲ. ಅದಾದ ಮೇಲೂ ಎಲ್ಲೋ ಒಂದು ಹೊಸ ತಳಿಯ ಹೆಸರು ಕೇಳಿದಾಗಲೆಲ್ಲ ಅದೇ ಕರೆಗಳು, ಅದೇ ಆತಂಕ.

ಇಂಥ ಹೊತ್ತಿನಲ್ಲಿ ನಮ್ಮ ವೃತ್ತಿಯವರು ‘ಜನ ಗಾಬರಿಯಾಗುವ ಅಗತ್ಯವಿಲ್ಲ’ ಎಂಬ ಒಂದು ಸಾಲಿನ ಹೇಳಿಕೆ ಕೊಟ್ಟು ಸುಮ್ಮನಾಗುತ್ತೇವೆ. ಅದು ಸಾಲದು ಎಂಬುದು ನನ್ನ ಅಭಿಪ್ರಾಯ. ಜನರಿಗೆ ಆಗುತ್ತಿರುವುದು ಬರೀ ಗಾಬರಿಯಲ್ಲ. ಅನುಭವಿಸಿದ್ದು ನೆನಪಿಗೆ ಬರುತ್ತಿದೆ. 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಘೋಷಣೆಯಾದ ಲಾಕ್‌ಡೌನ್ ನಡುರಾತ್ರಿ ಹನ್ನೆರಡಕ್ಕೆ ಜಾರಿಗೆ ಬಂತು. 21 ದಿನ ಎಂದದ್ದು ಮೇ 3ಕ್ಕೆ, ಮೇ 17ಕ್ಕೆ, ಮೇ 31ಕ್ಕೆ ಹೋಯಿತು. ನಾಲ್ಕು ಗಂಟೆಯ ಮುನ್ಸೂಚನೆಯಲ್ಲಿ ಬದುಕು ನಿಂತದ್ದನ್ನು ಕಂಡವರು ಮುಂದಿನ ಸಲ ಅಕ್ಕಿ ಬೇಳೆ ಮೊದಲೇ ತಂದಿಟ್ಟುಕೊಂಡರೆ ಅದನ್ನು ಮೂಢತನ ಎನ್ನಲಾಗದು.

ಇದು ಒಂದು ದೇಶದ ಕಥೆಯೂ ಅಲ್ಲ. 2020ರ ಜನವರಿ 23ರಂದು ವುಹಾನ್ ನಗರವನ್ನು ಮುಚ್ಚುವ ಹೊತ್ತಿಗೆ ಸುಮಾರು 50 ಲಕ್ಷ ಜನ ಊರು ಬಿಟ್ಟಾಗಿತ್ತು ಎಂದು ಅಲ್ಲಿನ ಮೇಯರ್ ಅವರೇ ಹೇಳಿದರು. ಚೀನೀ ಹೊಸ ವರ್ಷದ ಹಬ್ಬಕ್ಕೆ ಹೊರಟವರು ಅವರಲ್ಲಿ ಬಹಳ. ಇಟಲಿಯಲ್ಲಿ ಮಾರ್ಚ್ 7ರ ರಾತ್ರಿ ಉತ್ತರದ ಲೊಂಬಾರ್ಡಿ ಪ್ರಾಂತ್ಯವನ್ನು ಮುಚ್ಚುವ ಆದೇಶದ ಕರಡು ಸೋರಿಕೆಯಾಗುತ್ತಿದ್ದಂತೆ ಜನ ಮಿಲಾನ್ ನಿಲ್ದಾಣಕ್ಕೆ ಓಡಿ ದಕ್ಷಿಣದ ರೈಲು ಹತ್ತಿದರು. ದೆಹಲಿಯ ಆನಂದ ವಿಹಾರ ಬಸ್ ನಿಲ್ದಾಣದಲ್ಲಿ ಮಾರ್ಚ್ ಕೊನೆಯ ವಾರ ಸೇರಿದ್ದ ವಲಸೆ ಕಾರ್ಮಿಕರ ಚಿತ್ರ ಯಾರಿಗೂ ಮರೆತಿಲ್ಲ. ಮುಚ್ಚುತ್ತಾರೆ ಎಂಬುದು ಗೊತ್ತಾಗಿ, ಮುಚ್ಚಿದ ಮೇಲೆ ಬದುಕುವುದು ಹೇಗೆ ಎಂಬುದು ಗೊತ್ತಾಗದೆ ಹೋದರೆ ಜನ ಹೊರಟೇಬಿಡುತ್ತಾರೆ. ಸೋಂಕಿನ ದೃಷ್ಟಿಯಿಂದ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ: ಒಂದು ಕಡೆ ಇದ್ದದ್ದು ಒಂದೇ ರಾತ್ರಿಯಲ್ಲಿ ನೂರು ಕಡೆ ಹೋಗುತ್ತದೆ. ಹಾಗಾಗಿ ಲಾಕ್‌ಡೌನ್ ವದಂತಿಯೂ ಸಾರ್ವಜನಿಕ ಆರೋಗ್ಯದ ವಿಷಯವೇ.

ಕರೆ ಮಾಡುವವರಲ್ಲಿ ಸಿಟ್ಟಿನವರೂ ಇದ್ದಾರೆ. ‘ಈ ಸಲ ಯಾರು ಹೇಳಿದರೂ ಕೇಳಲ್ಲ’ ಎನ್ನುತ್ತಾರೆ. ಅವರೊಡನೆ ನಾನು ವಾದಕ್ಕಿಳಿಯುವುದಿಲ್ಲ. ಕಾರಣ ಮತ್ತು ಗಡುವು ಸ್ಪಷ್ಟವಾಗಿದ್ದಾಗ ಜನ ದೊಡ್ಡ ಕಷ್ಟವನ್ನೂ ಸಹಿಸಿದ್ದಾರೆ. ನ್ಯೂಜಿಲೆಂಡ್ 2020ರ ಮಾರ್ಚ್ 21ರಂದು ನಾಲ್ಕು ಹಂತಗಳ ಎಚ್ಚರಿಕೆ ವ್ಯವಸ್ಥೆ ಪ್ರಕಟಿಸಿತು. ಯಾವ ಹಂತದಲ್ಲಿ ಏನು ತೆರೆದಿರುತ್ತದೆ, ಏನು ಮುಚ್ಚುತ್ತದೆ ಎಂಬುದು ಎಲ್ಲರಿಗೂ ಮೊದಲೇ ತಿಳಿದಿತ್ತು. ನಾಲ್ಕೇ ದಿನದಲ್ಲಿ ನಾಲ್ಕನೇ ಹಂತ ಜಾರಿಯಾದಾಗ ಜನ ಅದರ ಅರ್ಥ ಹುಡುಕಬೇಕಾಗಲಿಲ್ಲ. ಇನ್ನೊಂದೆಡೆ ಚೀನಾದಲ್ಲಿ ನಿರ್ಬಂಧಗಳು ಮೂರನೇ ವರ್ಷಕ್ಕೆ ಎಳೆದು, 2022ರ ನವೆಂಬರ್‌ನಲ್ಲಿ ಉರುಮ್ಚಿ ನಗರದ ಬೆಂಕಿ ದುರಂತದ ನಂತರ, ಜನ ಪಾರಾಗಲು ನಿರ್ಬಂಧಗಳೇ ಅಡ್ಡಿಯಾದವು ಎಂಬ ಸಿಟ್ಟಿನಲ್ಲಿ ಯುವಜನರು ಖಾಲಿ ಬಿಳಿ ಹಾಳೆ ಹಿಡಿದು ಬೀದಿಗಿಳಿದರು. ಡಿಸೆಂಬರ್ 7ಕ್ಕೆ ನಿರ್ಬಂಧಗಳಲ್ಲಿ ಬಹುಪಾಲು ತೆರವಾದವು. ಜನರ ಸಹಕಾರ ಮುಗಿಯದ ಸರಕಲ್ಲ. ಅದನ್ನು ಅನಗತ್ಯವಾಗಿ ಖರ್ಚು ಮಾಡಿದರೆ ನಿಜವಾಗಿ ಬೇಕಾದ ದಿನ ಅದು ಸಿಗುವುದಿಲ್ಲ.

ಹಾಗಾದರೆ ಮತ್ತೆ ಲಾಕ್‌ಡೌನ್ ಆಗುತ್ತದೆಯೇ? ಇದಕ್ಕೆ ಉತ್ತರಿಸಲು ಲಾಕ್‌ಡೌನ್ ಏನು ಮಾಡುತ್ತದೆ ಎಂಬುದು ತಿಳಿದಿರಬೇಕು. ಅದು ರೋಗವನ್ನು ಗುಣಪಡಿಸುವುದಿಲ್ಲ, ವೈರಸ್ಸನ್ನು ಸಾಯಿಸುವುದೂ ಇಲ್ಲ. ಜನರ ಭೇಟಿಗಳನ್ನು ಕಡಿಮೆ ಮಾಡಿ ಸೋಂಕಿನ ವೇಗ ತಗ್ಗಿಸುತ್ತದೆ, ಅಷ್ಟೆ. ಹಾಗೆ ಸಿಕ್ಕ ಸಮಯದಲ್ಲಿ ಹಾಸಿಗೆ, ಆಮ್ಲಜನಕ, ಪರೀಕ್ಷೆ, ಲಸಿಕೆ ಸಿದ್ಧವಾಗಬೇಕು. ಸಮಯ ಸಿಕ್ಕಿಯೂ ಇವು ಆಗದಿದ್ದರೆ ಲಾಕ್‌ಡೌನ್ ಮುಗಿದ ಮರುದಿನ ಸಮಸ್ಯೆ ಇದ್ದಲ್ಲೇ ಇರುತ್ತದೆ.

2020ರಲ್ಲಿ ಯಾರ ದೇಹದಲ್ಲೂ ಕೊರೊನಾ ವೈರಸ್ಸಿಗೆ ಪ್ರತಿರೋಧ ಇರಲಿಲ್ಲ, ಲಸಿಕೆ ಇರಲಿಲ್ಲ, ಪರೀಕ್ಷಾ ಕಿಟ್ ಸಾಲದಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಜ್ವರ ಕೆಮ್ಮು ಶುರುವಾಗುವ ಮೊದಲೇ ಸೋಂಕಿತರು ಇತರರಿಗೆ ಹರಡುತ್ತಿದ್ದರು. ಅದೇ ಕುಟುಂಬದ ಇನ್ನೊಂದು ವೈರಸ್ಸಿನಿಂದ ಬಂದ 2003ರ ಸಾರ್ಸ್ ಕಾಯಿಲೆ ಹಾಗಿರಲಿಲ್ಲ. ಅದು ಹರಡುತ್ತಿದ್ದದ್ದು ರೋಗಿ ಚೆನ್ನಾಗಿ ಹಾಸಿಗೆ ಹಿಡಿದ ಮೇಲೆ. ಆದ್ದರಿಂದ ರೋಗಿಯನ್ನು ಬೇಗ ಗುರುತಿಸಿ ಪ್ರತ್ಯೇಕಿಸಿದರೆ ಸಾಕಾಯಿತು. ಹೊಸ ರೋಗದ ಸುದ್ದಿ ಬಂದಾಗ ನಾವು ಮೊದಲು ಹುಡುಕುವುದು ಇದನ್ನೇ: ಲಕ್ಷಣಕ್ಕೆ ಮುಂಚೆ ಹರಡುತ್ತದೆಯೇ, ಯಾವ ವಯಸ್ಸಿನವರನ್ನು ಹಿಡಿಯುತ್ತದೆ, ಆಸ್ಪತ್ರೆಗೆ ಸೇರುವವರೆಷ್ಟು, ಅಲ್ಲಿನ ಸಿಬ್ಬಂದಿಗೆ ಅಂಟುತ್ತಿದೆಯೇ. ಬರೀ ‘ಇಂದು ಇಷ್ಟು ಪ್ರಕರಣ’ ಎಂಬ ಸಂಖ್ಯೆ ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ. ಪರೀಕ್ಷೆ ಹೆಚ್ಚು ಮಾಡಿದ ವಾರ ಪ್ರಕರಣಗಳೂ ಹೆಚ್ಚು ಕಾಣುತ್ತವೆ.

ಈಗಾಗಲೇ ನಮ್ಮ ನಡುವೆ ಇರುವ ವೈರಸ್ಸಿನ ಹೊಸ ತಳಿಗಾಗಿ ಇಡೀ ದೇಶವನ್ನು ಮುಚ್ಚಲು ಕಾರಣವೇ ಇಲ್ಲ. ಮುಂದೆ ನಮಗೆ ಎದುರಾಗುವುದು ಹೆಚ್ಚಾಗಿ ಚಿಕ್ಕ, ಹತ್ತಿರದ, ಕೆಲವೇ ದಿನಗಳ ನಿರ್ಬಂಧ. 2023ರ ಸೆಪ್ಟೆಂಬರ್‌ನಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ನಿಫಾ ಕಾಣಿಸಿಕೊಂಡಾಗ ಆದದ್ದು ಇದೇ. ಕೆಲವು ಪ್ರದೇಶಗಳನ್ನು ನಿಯಂತ್ರಣ ವಲಯ ಮಾಡಿದರು, ಜಿಲ್ಲೆಯ ಶಾಲೆಗಳನ್ನು ಕೆಲ ದಿನ ಮುಚ್ಚಿ ಆನ್‌ಲೈನ್ ತರಗತಿ ನಡೆಸಿದರು, ರೋಗಿಗಳ ಸಂಪರ್ಕಕ್ಕೆ ಬಂದವರನ್ನು ಹುಡುಕಿ ನಿಗಾದಲ್ಲಿಟ್ಟರು. ಆರು ಜನರಿಗೆ ಸೋಂಕು ತಗುಲಿ ಇಬ್ಬರು ತೀರಿಕೊಂಡರು. ಅಲ್ಲಿಗೆ ಅದು ನಿಂತಿತು.

ಶಾಲೆಯ ವಿಷಯಕ್ಕೆ ಬರುತ್ತೇನೆ. ನನಗೆ ಹೆಚ್ಚು ಕಳವಳವಿರುವುದು ಇಲ್ಲಿಯೇ.

2020ರಲ್ಲಿ ಮೊದಲು ಶಾಲೆಗಳನ್ನೇ ಮುಚ್ಚಿದ್ದು ಅವಿವೇಕದಿಂದಲ್ಲ. ಆಗ ಬಹುತೇಕ ದೇಶಗಳ ಕೈಯಲ್ಲಿದ್ದ ಯೋಜನೆಗಳು ಇನ್‌ಫ್ಲುಯೆಂಜಾಕ್ಕಾಗಿ ಬರೆದಿಟ್ಟವು. ಫ್ಲೂ ಬಂದರೆ ಊರಿಗೆಲ್ಲ ಹಂಚುವವರು ಮಕ್ಕಳೇ. 1918ರ ಫ್ಲೂ ಮಹಾಮಾರಿಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರ ಮೊದಲ ಪ್ರಕರಣಗಳು ಕಂಡ ಕೆಲವೇ ದಿನಗಳಲ್ಲಿ ಶಾಲೆ, ಚರ್ಚು, ನಾಟಕಶಾಲೆ ಎಲ್ಲವನ್ನೂ ಮುಚ್ಚಿತು. ಫಿಲಡೆಲ್ಫಿಯಾದಲ್ಲಿ ರೋಗ ಕಂಡ ಮೇಲೂ ಸೆಪ್ಟೆಂಬರ್ 28ರಂದು ಭಾರೀ ಮೆರವಣಿಗೆ ನಡೆಯಿತು. ಸಾವಿನ ಪ್ರಮಾಣದಲ್ಲಿ ಎರಡು ನಗರಗಳ ನಡುವಿನ ಅಂತರ ಇಂದಿಗೂ ನಮ್ಮ ಪಾಠಗಳಲ್ಲಿದೆ. 2009ರಲ್ಲಿ ಎಚ್1ಎನ್1 (ಹಂದಿಜ್ವರ) ಬಂದಾಗ ಮೆಕ್ಸಿಕೊ ದೇಶದಾದ್ಯಂತ ಶಾಲೆಗಳಿಗೆ ರಜೆ ಕೊಟ್ಟಿತು; ಅದು ಕೆಲವು ವಾರಗಳ ಮಾತು.

ಕೋವಿಡ್ ಫ್ಲೂ ಥರ ನಡೆದುಕೊಳ್ಳಲಿಲ್ಲ. ಮಕ್ಕಳಲ್ಲಿ ತೀವ್ರ ಕಾಯಿಲೆ ವಿರಳವಾಗಿತ್ತು. ಇದು ಕೆಲವೇ ತಿಂಗಳಲ್ಲಿ ಗೊತ್ತಾಯಿತು. ಡೆನ್ಮಾರ್ಕ್ 2020ರ ಏಪ್ರಿಲ್ 15ಕ್ಕೇ ಚಿಕ್ಕ ಮಕ್ಕಳ ತರಗತಿ ತೆರೆಯಿತು. ಸ್ವೀಡನ್ ಹದಿನಾರರ ಕೆಳಗಿನವರ ಶಾಲೆಗಳನ್ನು ಆ ವಸಂತದಲ್ಲಿ ಮುಚ್ಚಲೇ ಇಲ್ಲ. ಆದರೆ ಬಾಂಗ್ಲಾದೇಶದ ಶಾಲೆಗಳು 2020ರ ಮಾರ್ಚ್‌ನಲ್ಲಿ ಮುಚ್ಚಿ 2021ರ ಸೆಪ್ಟೆಂಬರ್‌ನಲ್ಲಿ ತೆರೆದವು. ಉಗಾಂಡಾದ ಮಕ್ಕಳೆಲ್ಲ ಶಾಲೆಗೆ ಮರಳಿದ್ದು 2022ರ ಜನವರಿಯಲ್ಲಿ. ಎಷ್ಟೋ ಕಡೆ ಹೋಟೆಲು, ಮಾಲು, ಮದುವೆ ಮಂಟಪ ತೆರೆದು ತಿಂಗಳುಗಳಾದ ಮೇಲೂ ಒಂದನೇ ತರಗತಿಗೆ ಬೀಗ ಇತ್ತು. ಆ ಇಡೀ ಅವಧಿಯ ದೊಡ್ಡ ತಪ್ಪು ಇದು ಎಂದು ನಾನು ನಂಬುತ್ತೇನೆ. ಮುಚ್ಚಿದ್ದಕ್ಕಿಂತ, ತೆರೆಯುವುದನ್ನು ಮರೆತದ್ದು.

ಶಾಲೆ ಮುಚ್ಚುವುದು ಪ್ರಬಲ ಔಷಧದ ಹಾಗೆ: ಪ್ರಮಾಣ ಬರೆಯಬೇಕು, ಎಷ್ಟು ದಿನ ಎಂದು ಬರೆಯಬೇಕು, ಅಡ್ಡಪರಿಣಾಮ ನೋಡುತ್ತಿರಬೇಕು. ಅಡ್ಡಪರಿಣಾಮಗಳೇನು ಎಂಬುದು ಈಗ ನಮಗೆ ಚೆನ್ನಾಗಿ ಗೊತ್ತು. ಯುನೆಸ್ಕೊ ಲೆಕ್ಕದಂತೆ 2020ರ ಏಪ್ರಿಲ್‌ನಲ್ಲಿ 190ಕ್ಕೂ ಹೆಚ್ಚು ದೇಶಗಳ ಸುಮಾರು 160 ಕೋಟಿ ವಿದ್ಯಾರ್ಥಿಗಳು ಮನೆಯಲ್ಲಿದ್ದರು. ಅವರಲ್ಲಿ ಕನಿಷ್ಠ 46.3 ಕೋಟಿ ಮಕ್ಕಳಿಗೆ ಆನ್‌ಲೈನ್, ಟಿ.ವಿ., ರೇಡಿಯೊ ಯಾವ ಪಾಠವೂ ತಲುಪುವಂತಿರಲಿಲ್ಲ ಎಂದು ಯುನಿಸೆಫ್ ಹೇಳಿತು. ಸುಮಾರು 37 ಕೋಟಿ ಮಕ್ಕಳಿಗೆ ಶಾಲೆಯ ಊಟ ತಪ್ಪಿತು. ಭಾರತದ ಗ್ರಾಮೀಣ ಮಕ್ಕಳನ್ನು ಪರೀಕ್ಷಿಸುವ ‘ಅಸರ್’ ಸಮೀಕ್ಷೆಯಲ್ಲಿ, ಎರಡನೇ ತರಗತಿಯ ಪಠ್ಯ ಓದಬಲ್ಲ ಮೂರನೇ ತರಗತಿ ಮಕ್ಕಳು 2018ರಲ್ಲಿ ಶೇ 27.3 ಇದ್ದದ್ದು 2022ರಲ್ಲಿ ಶೇ 20.5ಕ್ಕೆ ಇಳಿಯಿತು. 2022ರ ಮೂರನೇ ತರಗತಿಯವರು ಎಂದರೆ 2020ರಲ್ಲಿ ಒಂದನೇ ತರಗತಿಗೆ ಸೇರಬೇಕಾಗಿದ್ದವರು. ಅಕ್ಷರ ತಿದ್ದಿಸುವ ವರ್ಷವೇ ಅವರ ಪಾಲಿಗೆ ಇರಲಿಲ್ಲ.

2024ರ ಸಮೀಕ್ಷೆಯಲ್ಲಿ ಆ ಪ್ರಮಾಣ ಮತ್ತೆ ಶೇ 27ರ ಸುಮಾರಿಗೆ ಏರಿತು. ಅದು ಬೇರೆ ಮಕ್ಕಳ ತಂಡ ಎಂಬುದು ನಿಜ. ಆದರೂ ಶಿಕ್ಷಕರು ಕೂತು ಕಲಿಸಿದರೆ ತರಗತಿ ಮೇಲೇಳುತ್ತದೆ ಎಂಬುದಕ್ಕೆ ಅದು ಆಧಾರ. ಆ ಮಕ್ಕಳನ್ನು ‘ಕೊರೊನಾ ಬ್ಯಾಚ್’ ಎಂದು ಹಂಗಿಸುವುದನ್ನು ಕೇಳಿದಾಗ ನನಗೆ ಬಹಳ ನೋವಾಗುತ್ತದೆ. ಶಾಲೆ ಮುಚ್ಚಿದ ನಿರ್ಧಾರ ದೊಡ್ಡವರದು.

ಶಾಲೆ ತೆರೆದಿರಲಿ ಎಂದಾಗ ಕೆಲವು ತಂದೆತಾಯಿಯರು ಮುನಿಸಿಕೊಳ್ಳುತ್ತಾರೆ. ‘ಒಂದು ವರ್ಷ ಹೋದರೆ ಹೋಗಲಿ, ಮಗು ಉಳಿದರೆ ಸಾಕು’ ಎನ್ನುತ್ತಾರೆ. ಮನೆಯಲ್ಲಿ ವಯಸ್ಸಾದ ಅಜ್ಜಿ, ಕಿಮೋಥೆರಪಿಯಲ್ಲಿರುವ ತಾಯಿ ಇದ್ದರೆ ಆ ಭಯ ನ್ಯಾಯವಾದದ್ದೇ. ಅಂಥ ಮನೆಗಳಿಗೆ ಹಾಜರಾತಿಯಲ್ಲಿ ವಿನಾಯಿತಿ ಕೊಡಬೇಕು. ಮಧುಮೇಹವಿರುವ, ನಿವೃತ್ತಿಯ ಅಂಚಿನಲ್ಲಿರುವ ಶಿಕ್ಷಕರ ಭಯವನ್ನೂ ಕೇಳಿಸಿಕೊಳ್ಳಬೇಕು; ಜ್ವರ ಬಂದ ಶಿಕ್ಷಕರು ಸಂಬಳ ಕಡಿತದ ಹೆದರಿಕೆಯಿಂದ ತರಗತಿಗೆ ಬರುವಂತಾಗಬಾರದು. 1918ರಲ್ಲಿ ನ್ಯೂಯಾರ್ಕ್ ಮತ್ತು ಷಿಕಾಗೊ ಶಾಲೆಗಳನ್ನು ತೆರೆದೇ ಇಟ್ಟವು. ಇಕ್ಕಟ್ಟಿನ ಮನೆಗಳಿಗಿಂತ ಗಾಳಿಬೆಳಕಿನ ಶಾಲೆಯಲ್ಲಿ, ದಿನಾ ನೋಡುವ ದಾದಿ ವೈದ್ಯರ ಕಣ್ಣಳತೆಯಲ್ಲಿ ಮಕ್ಕಳು ಹೆಚ್ಚು ಸುರಕ್ಷಿತ ಎಂಬುದು ಅಲ್ಲಿನ ಆರೋಗ್ಯಾಧಿಕಾರಿಗಳ ವಾದ. ಆ ವಾದದ ತಿರುಳು ಇಂದಿಗೂ ಗಟ್ಟಿ. ಕಿಟಕಿ ತೆರೆದಿಡಿ, ಹುಷಾರಿಲ್ಲದ ಮಗುವನ್ನು ಮನೆಯಲ್ಲಿರಿಸಿ, ಸೋಂಕು ಏರಿರುವ ವಾರಗಳಲ್ಲಿ ಮಾಸ್ಕ್ ಹಾಕಿ. ಪೂರ್ಣ ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿಯನ್ನಂತೂ ಈಗಲೇ ಕೈಬಿಡಬೇಕು. ಆ ಆಸೆಗೆ ಜ್ವರದ ಮಕ್ಕಳು ಶಾಲೆಗೆ ಬರುತ್ತಾರೆ.

ಶಾಲೆ ಮುಚ್ಚಿ ಎಂದು ನಾನೂ ಸಲಹೆ ಕೊಡಬೇಕಾದ ಸಂದರ್ಭ ಬರಬಹುದು. ರೋಗ ಮಕ್ಕಳನ್ನೇ ತೀವ್ರವಾಗಿ ಬಾಧಿಸುತ್ತಿದ್ದರೆ, ಅಥವಾ ಪೂರಾ ಹೊಸದಾಗಿದ್ದು ಮೊದಲ ಕೆಲವು ವಾರ ಏನೂ ತಿಳಿಯದಿದ್ದರೆ ಮುಚ್ಚುವುದೇ ಸರಿ. ಆಗಲೂ ಆ ಆದೇಶದಲ್ಲಿ ಕಾರಣ ಇರಬೇಕು, ಮರುಪರಿಶೀಲನೆಯ ದಿನಾಂಕ ಇರಬೇಕು. ಊಟ ಅಥವಾ ಪಡಿತರ ಯಾರು, ಎಲ್ಲಿ ಕೊಡುತ್ತಾರೆ ಎಂಬುದಿರಬೇಕು. ಆಸ್ಪತ್ರೆ ಸಿಬ್ಬಂದಿಯ ಮಕ್ಕಳು, ವಿಶೇಷಚೇತನ ಮಕ್ಕಳು, ಮನೆಯೇ ಸುರಕ್ಷಿತವಲ್ಲದ ಮಕ್ಕಳು ಎಲ್ಲಿಗೆ ಹೋಗಬೇಕು ಎಂಬುದಿರಬೇಕು. ದಿನಾಂಕವಿಲ್ಲದ ಆದೇಶ ಬಂದರೆ ಪೋಷಕರು ಮೊದಲು ಕೇಳಬೇಕಾದದ್ದು ದಿನಾಂಕವನ್ನೇ.

ವಾಟ್ಸ್‌ಆ್ಯಪ್‌ನಲ್ಲಿ ಪದೇ ಪದೇ ಬರುವ ಇನ್ನೊಂದು ಮಾತಿದೆ: ಮುಂದಿನ ಲಾಕ್‌ಡೌನನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಹೇರುತ್ತದಂತೆ. ಇದು ಸುಳ್ಳು. 2025ರ ಮೇ 20ರಂದು ಅಂಗೀಕಾರವಾದ ಸಾಂಕ್ರಾಮಿಕ ಒಪ್ಪಂದದಲ್ಲಿ, ಲಾಕ್‌ಡೌನ್ ಹೇರುವ ಅಥವಾ ಲಸಿಕೆ ಕಡ್ಡಾಯ ಮಾಡುವ ಅಧಿಕಾರ ಆ ಸಂಸ್ಥೆಗೆ ಇಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಅಂಥ ನಿರ್ಧಾರ ಆಯಾ ಸರ್ಕಾರಗಳದು. 2020ರ ಹಳೆಯ ವಿಡಿಯೊಗಳೂ ಮತ್ತೆ ಮತ್ತೆ ಓಡಾಡುತ್ತವೆ. ಹಂಚುವ ಮೊದಲು ಆದೇಶದ ಸಂಖ್ಯೆ, ದಿನಾಂಕ ಇದೆಯೇ ನೋಡಿ.

ಸದ್ಯ ಮಾಡಬಹುದಾದ ಕೆಲಸಗಳಿವೆ. ಕೋವಿಡ್ ಕಾಲದಲ್ಲಿ ಸಾಮಾನ್ಯ ಲಸಿಕೆಗಳು ತಪ್ಪಿದ್ದು ಸಣ್ಣ ಸಂಖ್ಯೆಯಲ್ಲಲ್ಲ. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 2.5 ಕೋಟಿ ಮಕ್ಕಳಿಗೆ ಡಿಫ್ತೀರಿಯಾ-ಧನುರ್ವಾಯು-ನಾಯಿಕೆಮ್ಮಿನ ಲಸಿಕೆಯ ಒಂದಾದರೂ ಡೋಸ್ ತಪ್ಪಿತ್ತು. ನಿಮ್ಮ ಮಗುವಿನ ಕಾರ್ಡ್ ತೆಗೆದು ನೋಡಿ, ದಡಾರದ ಎರಡೂ ಡೋಸ್ ಆಗಿವೆಯೇ ಎಂಬುದನ್ನು ಖಚಿತ ಮಾಡಿಕೊಳ್ಳಿ. ಮುಂದಿನ ಪೋಷಕರ ಸಭೆಯಲ್ಲಿ ಮುಖ್ಯಶಿಕ್ಷಕರನ್ನು ಕೇಳಿ: ಹದಿನೈದು ದಿನ ಶಾಲೆ ಮುಚ್ಚಬೇಕಾದರೆ ಫೋನ್ ಇಲ್ಲದ ಮಕ್ಕಳು ಯಾರ್ಯಾರು, ಅವರಿಗೆ ಪಾಠ ತಲುಪಿಸುವವರು ಯಾರು, ಊಟದ ವ್ಯವಸ್ಥೆ ಏನು? ಆ ಪಟ್ಟಿ ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಅದನ್ನು ಬರೆಯಲು ಒಂದು ಮಧ್ಯಾಹ್ನ ಸಾಕು.