ಕಡಲ ತಳದಲ್ಲಿ ಹೆಪ್ಪುಗಟ್ಟುವ ಎಣ್ಣೆ

ಡಿಸೆಂಬರ್ ಚಳಿಗೆ ಗಟ್ಟಿಯಾದ ಕೊಬ್ಬರಿ ಎಣ್ಣೆಯನ್ನು ಬಿಸಿಲಿಗಿಟ್ಟರೆ ಮುಗಿಯಿತು. ಬಾಂಬೆ ಹೈ ಕಚ್ಚಾತೈಲಕ್ಕೆ ಆ ಸೌಲಭ್ಯವಿಲ್ಲ. ಮುಂಬೈಯಿಂದ ಸುಮಾರು 160 ಕಿ.ಮೀ. ಆಚೆ, ಅರಬ್ಬಿ ಸಮುದ್ರದ ನಿಕ್ಷೇಪದಿಂದ 1976ರಿಂದ ಮೇಲೆತ್ತುತ್ತಿರುವ ಈ ತೈಲದಲ್ಲಿ ಮೇಣ ಜಾಸ್ತಿ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದರೆ ಅದು ಸುರಿಯುವುದೇ ಇಲ್ಲ. ದಡದ ಉರಣ್‌ಗೆ ಬರುವ ಕೊಳವೆ ಮಲಗಿರುವ ಕಡಲತಳವೋ, ವರ್ಷವಿಡೀ ಅದಕ್ಕಿಂತ ತಣ್ಣಗೆ.

ತೈಲ ಹೆಪ್ಪುಗಟ್ಟುವ ಮೊದಲೇ, ಇನ್ನೂ ಬೆಚ್ಚಗಿರುವಾಗಲೇ ಮೇಣದ ಹರಳು ಮೂಡತೊಡಗುತ್ತದೆ. ತಣ್ಣನೆಯ ಗೋಡೆಗೆ ಅದು ಅಂಟುತ್ತದೆ, ನಡುವಿನ ಬಿಸಿ ತೈಲದಲ್ಲಿ ಕರಗಿರುವ ಮೇಣ ಗೋಡೆಯತ್ತ ಸರಿಯುತ್ತಲೇ ಇರುತ್ತದೆ. ದಿನ ಕಳೆದಂತೆ ಪದರದ ಮೇಣ ಹೆಚ್ಚಿ ಅದು ಬಿರುಸಾಗುತ್ತದೆ.

ಇದು ನಿಧಾನದ ಕಾಟ. ನಿಜವಾದ ಭಯ ಪಂಪು ನಿಂತಾಗ. ತೈಲದಲ್ಲಿ ಶೇ. 2ರಷ್ಟು ಮೇಣ ಹರಳಾದರೂ ಸಾಕು, ಹರಳುಗಳು ಬಲೆ ಹೆಣೆದು ಇಡೀ ಕೊಳವೆ ಜೆಲ್ಲಿಯಾಗಬಹುದು. 25 ಸೆಂ.ಮೀ. ಒಳವ್ಯಾಸ, 20 ಕಿ.ಮೀ. ಉದ್ದದ ಕೊಳವೆಯಲ್ಲಿ ಬರೀ 50 ಪ್ಯಾಸ್ಕಲ್ ಬಲದ ಜೆಲ್ಲಿಯನ್ನು ಒಟ್ಟಿಗೆ ಕದಲಿಸಲು 160 ಬಾರ್ ಒತ್ತಡ ಬೇಕು. ಕಾರಿನ ಟೈರಿನಲ್ಲಿರುವುದು ಎರಡು ಚಿಲ್ಲರೆ. ಬ್ರಿಟನ್ ಬಳಿ ಉತ್ತರ ಸಮುದ್ರದ ಸ್ಟಾಫಾ ನಿಕ್ಷೇಪವನ್ನು 1990ರ ದಶಕದಲ್ಲಿ ಕೈಬಿಟ್ಟದ್ದೇ ಮೇಣ ಮತ್ತೆ ಮತ್ತೆ ಕೊಳವೆ ಕಟ್ಟಿದ್ದರಿಂದ. ಮೊದಲೇ ಗೊತ್ತಿರುವ ನಿಲುಗಡೆಯಾದರೆ ಕೊಳವೆಯ ತೈಲವನ್ನು ಡೀಸೆಲ್ಲಿನಿಂದ ತಳ್ಳಿ ಹೊರಹಾಕಬಹುದು. ದಿಢೀರ್ ನಿಂತರೆ ಉಷ್ಣರೋಧಕ ಹೊದಿಕೆ ಕೊಡುವ ಕೆಲವು ಗಂಟೆಗಳೇ ಗತಿ.

ತೈಲದ ಹತ್ತು ಲಕ್ಷ ಭಾಗಕ್ಕೆ ಕೆಲವು ನೂರು ಭಾಗ ಪಾಲಿಮರ್ ಬೆರೆಸುವುದುಂಟು. ಅದು ಮೇಣವನ್ನು ತೆಗೆಯುವುದಿಲ್ಲ. ಒಂದಕ್ಕೊಂದು ಸಿಕ್ಕಿಕೊಳ್ಳುವ ಹಾಳೆಯಂಥ ಹರಳನ್ನು ಬಿಡಿಬಿಡಿ ಉಂಡೆಯಾಗಿಸುತ್ತದೆ. ತೈಲ ಬಿಸಿಯಿರುವಾಗಲೇ, ಹರಳು ಮೂಡುವ ಮುಂಚೆ ಹಾಕಬೇಕು. ತಣಿದ ಮೇಲೆ ಸುರಿದರೆ ದುಡ್ಡು ದಂಡ.

ಗೋಡೆಯ ಮೇಣಕ್ಕೆ ಮಾತ್ರ ಪಿಗ್ಗೇ ಮದ್ದು: ತೈಲದ ಒತ್ತಡದಲ್ಲೇ ಸಾಗುತ್ತಾ ಒಳಗೋಡೆ ಕೆರೆಯುವ, ರಬ್ಬರಿನಂಥ ಬಿಲ್ಲೆ ಕಟ್ಟಿದ ಬೆಣೆ. ಎಡವುವುದೂ ಇಲ್ಲೇ. ಮೇಲೆ ಹೇಳಿದ ಕೊಳವೆಯಲ್ಲಿ 2 ಮಿ.ಮೀ. ಪದರ ಕೂತರೆ ಹರಿವಿಗೆ ಬೇಕಾದ ಒತ್ತಡ ಏರುವುದು ಹೆಚ್ಚುಕಮ್ಮಿ ಶೇ. 8, ಮೀಟರ್ ನೋಡುವವರು ಗಮನಿಸದೆಯೂ ಇರಬಹುದು. ಆದರೆ ಒಟ್ಟು ಮೇಣ 31 ಘನ ಮೀಟರ್! ಒಂದೇ ಸಲ ಕೆರೆದು ಮುಂದೆ ತಳ್ಳಿದರೆ ಸುಮಾರು 635 ಮೀಟರ್ ಉದ್ದದ ಬಿರಡೆ, ಪಿಗ್ಗೂ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ನಡುವೆ ತೂತಿರುವ ಪಿಗ್ ಬಿಡುತ್ತಾರೆ. ತೂತಿನಿಂದ ಚಿಮ್ಮುವ ತೈಲ ಕೆರೆದ ಮೇಣವನ್ನು ಕದಡಿ ಮುಂದಕ್ಕೆ ಒಯ್ಯುತ್ತದೆ. ಬಹುದಿನ ಕೆರೆಯದ ಕೊಳವೆಗೆ ಮೊದಲು ಮೆತ್ತನೆಯ ಫೋಮ್ ಪಿಗ್, ಬಿಲ್ಲೆ ಕಟ್ಟಿದ್ದು ಆಮೇಲೆ. ಆಚೆ ತುದಿಯಲ್ಲಿ ಎಷ್ಟು ಮೇಣ ಬಂತೆಂದು ಅಳೆದೇ ಮುಂದಿನ ಸರದಿ ಗೊತ್ತುಮಾಡುವುದು.